ಗಾಡಿಯೇ ಮನೆಯಾದಾಗ ಪಾಯಖಾನೆಯ ಗತಿ ಏನು?



ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಟ್ರ್ಯಾಕ್ಟರ್ ಮಾಡಿಕೊಂಡು ಹೋಗುವವರು ನಮ್ಮ ಸಂಘಗಳಲ್ಲಿ ಬಹಳ ಜನ ಇದ್ದೀರಿ. ಸೆಪ್ಟೆಂಬರ್ 8ರ ಹಬ್ಬಕ್ಕೆ ವೇಲಾಂಕಣಿಗೆ ಬಸ್ಸು ಮಾಡಿಕೊಂಡು ಹೋಗಿ ನಾಲ್ಕೈದು ದಿನ ಆ ಬಸ್ಸಿನಲ್ಲೇ ಮಲಗಿ ಎದ್ದು ಬರುವವರೂ ಇದ್ದೀರಿ. ಇನ್ನು ಕೆಲವರು ದೀಪಾವಳಿಯ ಸುಮಾರಿಗೆ ಮಕ್ಕಳು ಮರಿ ಕಟ್ಟಿಕೊಂಡು, ಕುಡಗೋಲು ಹಿಡಿದು, ಕಬ್ಬು ಕಡಿಯುವ ಟೋಳಿಯ ಜೊತೆ ಟ್ರ್ಯಾಕ್ಟರ್ ಹತ್ತಿದರೆ ಯುಗಾದಿಯ ತನಕ ಊರಿನ ಮುಖ ನೋಡುವುದಿಲ್ಲ. ಅಷ್ಟು ದಿನವೂ ಗಾಡಿಯೇ ಮನೆ. ಗಾಡಿಯ ಕೆಳಗೇ ಅಡುಗೆ, ಗಾಡಿಯ ಮೇಲೆಯೇ ನಿದ್ದೆ.

ಹೊರಡುವ ಹಿಂದಿನ ದಿನ ನಾವು ಮಾಡುವ ತಯಾರಿ ನೋಡಬೇಕು. ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಗ್ಯಾಸ್ ಸಿಲಿಂಡರ್, ನೀರಿನ ಡ್ರಮ್, ಕೌದಿ, ತಾಡಪತ್ರಿ, ಎತ್ತಿನ ಗಾಡಿಯಾದರೆ ಮೇವು, ಹೊಟ್ಟು. ಹೊಟ್ಟೆಯೊಳಗೆ ಹಾಕುವುದಕ್ಕೆ ಇಷ್ಟೆಲ್ಲ ತಯಾರಿ. ಅದು ಹೊರಗೆ ಬರುವುದಕ್ಕೆ ಮಾತ್ರ ಯಾವ ತಯಾರಿಯೂ ಇಲ್ಲ! ಸಂಘದ ಮೀಟಿಂಗ್‌ನಲ್ಲಿ ಈ ವಿಷಯ ಎತ್ತಿದರೆ ಎಲ್ಲರೂ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ. ನಕ್ಕ ಮೇಲೆ ಒಬ್ಬೊಬ್ಬರಾಗಿ ಹೇಳಲು ಶುರುಮಾಡುತ್ತಾರೆ: "ನಾ ಅಂತೂ ಹೋಗೂ ಮುಂಚೆ ಎರಡು ದಿನದಿಂದ ನೀರ ಕಡಿಮಿ ಮಾಡ್ತೀನ್ರಿ ಸಿಸ್ಟರ್."

2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಯೋಜನೆ ಶುರುವಾದ ಮೇಲೆ ಹಳ್ಳಿಗಳಲ್ಲಿ ಮನೆ ಮನೆಗೆ ಪಾಯಖಾನೆ ಆದವು. ಒಳ್ಳೆಯದೇ. ಆದರೆ ಮನೆಯ ಪಾಯಖಾನೆ ಗಾಡಿಯ ಹಿಂದೆ ಬರುವುದಿಲ್ಲವಲ್ಲ. ಮನೆಯಲ್ಲಿ ಕಲಿತ ಅಭ್ಯಾಸ ಗಾಡಿ ಹತ್ತಿದ ಕೂಡಲೇ ಬಿಟ್ಟುಹೋಗುತ್ತದೆ. ಗಾಡಿಯಲ್ಲಿರುವಾಗಲೂ ಮರ್ಯಾದೆ ಕಳೆದುಕೊಳ್ಳದೆ, ಬೇರೆಯವರ ಬಾವಿ ಕೆಡಿಸದೆ ಹೇಗೆ ನಿಭಾಯಿಸಬಹುದು ಅನ್ನುವುದನ್ನು ಈ ಸಲ ಸ್ವಲ್ಪ ಬಿಚ್ಚಿ ಮಾತಾಡೋಣ.

ಮೊದಲು ಲೆಕ್ಕ

ನಮ್ಮ ಹಳ್ಳಿ ಊಟ ಮಾಡುವ ದೊಡ್ಡವರೊಬ್ಬರು ದಿನಕ್ಕೆ ಹೆಚ್ಚು ಕಡಿಮೆ ಕಾಲು ಕಿಲೋ ಮಲ, ಒಂದರಿಂದ ಒಂದೂವರೆ ಲೀಟರ್ ಮೂತ್ರ ವಿಸರ್ಜಿಸುತ್ತಾರೆ. ಒಂದು ಟ್ರೇಲರ್‌ನಲ್ಲಿ 20 ಜನ, ನಾಲ್ಕು ದಿನ ಅಂತ ಹಿಡಿಯಿರಿ. 20 ಕಿಲೋ ಮಲ, 100 ಲೀಟರ್ ಮೂತ್ರ. ಜಾತ್ರೆಯ ಬಯಲಲ್ಲಿ ಅಂಥ 100 ಟ್ರೇಲರ್ ನಿಂತರೆ ಮಲವೇ ಎರಡು ಟನ್ ಆಯಿತು. ಸಂಘದ ಪುಸ್ತಕದಲ್ಲಿ ಐದು ರೂಪಾಯಿ ತಪ್ಪಿದರೂ ಹುಡುಕುವ ನಾವು ಈ ಲೆಕ್ಕವನ್ನು ಯಾವತ್ತೂ ಹಾಕಿಲ್ಲ. ನಾವು ಗಾಡಿ ಹೊಡೆದುಕೊಂಡು ಬಂದುಬಿಡುತ್ತೇವೆ, ಆ ಎರಡು ಟನ್ ಅಲ್ಲೇ ಉಳಿಯುತ್ತದೆ.

ಇದರಲ್ಲಿ ಮಲ ಬೇರೆ, ಮೂತ್ರ ಬೇರೆ. ಆರೋಗ್ಯವಾಗಿರುವವರ ಮೂತ್ರದಿಂದ ರೋಗ ಹರಡುವುದು ಬಹಳ ಕಡಿಮೆ. ನೀರಿನ ಮೂಲದಿಂದ ದೂರ ಒಣ ಮಣ್ಣಿನ ಮೇಲೆ ಬಿದ್ದರೆ ತೊಂದರೆ ಇಲ್ಲ. ಐದರಿಂದ ಹತ್ತು ಪಾಲು ನೀರು ಬೆರೆಸಿ ಗಿಡದ ಬುಡಕ್ಕೆ ಹಾಕಿದರೆ ಗೊಬ್ಬರವೇ ಆಗುತ್ತದೆ. ಅಪಾಯ ಇರುವುದು ಮಲದಲ್ಲಿ. ಕಾಲರಾ, ಟೈಫಾಯ್ಡ್, ಆಮಶಂಕೆ, ನೀರಿನಿಂದ ಬರುವ ಎರಡು ಬಗೆಯ ಕಾಮಾಲೆ, ಎಲ್ಲದಕ್ಕೂ ಮೂಲ ಅದೇ. ಕಾಮಾಲೆಯಲ್ಲಿ ಹೆಪಟೈಟಿಸ್ ಇ ಅನ್ನುವ ಬಗೆ ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ ಇರುವವರಿಗೆ, ಪ್ರಾಣಕ್ಕೇ ಅಪಾಯ. ಜಂತುಹುಳುವಿನ ತತ್ತಿ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಕೊಕ್ಕೆಹುಳುವಿನ ಮರಿ ಹಸಿ ಮಣ್ಣಿನಲ್ಲಿ ಕಾದಿದ್ದು ಬರಿಗಾಲಿನ ಚರ್ಮ ತೂರಿ ಒಳಗೆ ಹೋಗುತ್ತದೆ, ಕರುಳಿನಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಆಶಾ ಕಾರ್ಯಕರ್ತೆ ಕಬ್ಬಿಣದ ಮಾತ್ರೆ ಕೊಟ್ಟರೂ ರಕ್ತ ಏರುತ್ತಿಲ್ಲ ಅನ್ನುವ ನಮ್ಮ ಎಷ್ಟೋ ಹೆಣ್ಣುಮಕ್ಕಳ ಹೊಟ್ಟೆಯಲ್ಲಿ ಈ ಹುಳು ಇರಬಹುದು.

ಚಿಕ್ಕ ಮಕ್ಕಳ ಮಲ ಏನೂ ಮಾಡುವುದಿಲ್ಲ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ತಪ್ಪು. ಮಕ್ಕಳಿಗೆ ಭೇದಿ ಜಾಸ್ತಿ ಆಗುವುದರಿಂದ ಅವರ ಮಲದಲ್ಲಿ ರೋಗಾಣುಗಳು ದೊಡ್ಡವರಿಗಿಂತ ಹೆಚ್ಚೇ ಇರುತ್ತವೆ. ಗಾಡಿಯ ಚಕ್ರದ ಪಕ್ಕ ಕೂರಿಸಿ, ಮೇಲೆ ಒಂದು ಹಿಡಿ ಮಣ್ಣು ಉದುರಿಸಿ, ಅದರಿಂದ ಮೂರು ಮೊಳ ದೂರದಲ್ಲಿ ಒಲೆ ಹಚ್ಚುವುದು ಬೇಡ.

ಒಂದೇ ರಾತ್ರಿಯ ತಂಗು: ಗೇಣಿನ ಗುಣಿ

ಹತ್ತಿರದಲ್ಲಿ ಪಾಯಖಾನೆ ಇದ್ದರೆ ಅದನ್ನೇ ಬಳಸಬೇಕು, ಅದರಲ್ಲಿ ಎರಡು ಮಾತಿಲ್ಲ. ಇಲ್ಲದ ಕಡೆ, ನಾಲ್ಕೈದು ಜನ ಮಾತ್ರ ಇದ್ದು ಒಂದು ರಾತ್ರಿ ನಿಲ್ಲುವುದಾದರೆ ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಗುಣಿ ಸಾಕು. ಕಳೆ ತೆಗೆಯುವ ಕುರ್ಪಿ ಇದ್ದರೂ ಆಗುತ್ತದೆ. ಆಳ ಆರರಿಂದ ಎಂಟು ಅಂಗುಲ, ಅಂದರೆ ಒಂದು ಗೇಣಿಗೆ ತುಸು ಕಡಿಮೆ. ಇನ್ನೂ ಆಳ ತೋಡಿದರೆ ಒಳ್ಳೆಯದಲ್ಲವೇ ಅಂತ ಕೇಳುತ್ತಾರೆ. ಮಣ್ಣಿನ ಮೇಲಿನ ಪದರದಲ್ಲೇ ಗಾಳಿ ಆಡುವುದು, ಎರೆಹುಳು ಮತ್ತು ಕಣ್ಣಿಗೆ ಕಾಣದ ಜೀವಿಗಳು ಹೆಚ್ಚು ಇರುವುದು. ಮಲವನ್ನು ಕೊಳೆಸಿ ಮಣ್ಣು ಮಾಡುವುದು ಅವೇ. ಬಹಳ ಕೆಳಗೆ ಹೋದರೆ ಆ ಕೆಲಸ ನಿಧಾನ. ತೀರ ಮೇಲೆ ಇದ್ದರೆ ನಾಯಿ, ಹಂದಿ ಕೆದರುತ್ತವೆ.

ಕೆರೆ, ಹಳ್ಳ, ಕಾಲುವೆ, ಬಾವಿ ಯಾವುದೇ ಇರಲಿ, ಅದರಿಂದ 200 ಅಡಿ ದೂರ ಇರಬೇಕು. ನಮ್ಮ ಹೆಂಗಸರ ಹೆಜ್ಜೆಯಲ್ಲಿ ಸುಮಾರು 80 ಹೆಜ್ಜೆ. ತೊಳೆದುಕೊಂಡ ನೀರೂ ಗುಣಿಯೊಳಗೇ ಬೀಳುವಂತೆ ನೋಡಿಕೊಂಡು, ತೆಗೆದ ಮಣ್ಣನ್ನೆಲ್ಲ ಮೇಲೆ ಹಾಕಿ, ಕಾಲಿನಿಂದ ತುಳಿದು, ಸಿಕ್ಕಿದರೆ ಒಂದು ಕಲ್ಲು ಹೇರಬೇಕು. ನಮ್ಮ ಎರೆ ಭೂಮಿಯಲ್ಲಿ ಬೇಸಿಗೆಗೆ ಬಾಯಿ ಬಿಟ್ಟ ಬಿರುಕುಗಳಿರುತ್ತವೆ. ತೋಡುವ ಕಷ್ಟ ಯಾಕೆ ಅಂತ ಆ ಬಿರುಕಿಗೇ ಹೋಗುವವರಿದ್ದಾರೆ. ಮೊದಲ ಮಳೆ ಬಂದಾಗ ನೀರು ಆ ಬಿರುಕಿನಿಂದ ನೇರವಾಗಿ ಕೆಳಗೆ ಇಳಿಯುತ್ತದೆ. ಮಣ್ಣು ಅದನ್ನು ಸೋಸುವುದಕ್ಕೆ ಅವಕಾಶವೇ ಇರುವುದಿಲ್ಲ.

ತಂಬಿಗೆಯ ಜೊತೆ ಸೋಪಿನ ತುಂಡು ಹೋಗಲೇಬೇಕು. ಸೋಪನ್ನು ಒಂದು ಹಳೆಯ ಕಾಲುಚೀಲದಲ್ಲಿ ಹಾಕಿ ನೀರಿನ ಡ್ರಮ್ಮಿನ ಹಿಡಿಕೆಗೆ ಕಟ್ಟಿಬಿಟ್ಟರೆ ಕಳೆದು ಹೋಗುವುದಿಲ್ಲ. ಸೋಪು ಇಲ್ಲವೇ ಇಲ್ಲ ಅಂದರೆ ಒಲೆಯ ಬೂದಿ ನಡೆಯುತ್ತದೆ. ಬರಿಯ ಮಣ್ಣಿನಿಂದ ಉಜ್ಜಬೇಡಿ, ಆ ಮಣ್ಣಿನಲ್ಲಿ ಏನಿದೆಯೋ ಯಾರಿಗೆ ಗೊತ್ತು.

ಹತ್ತು ಜನ ದಾಟಿದರೆ, ಎರಡು ದಿನ ದಾಟಿದರೆ: ಕಾಲುವೆ ಗುಂಡಿ

20 ಜನ ಮೂರು ದಿನ ಒಂದೇ ಕಡೆ ಬೀಡು ಬಿಟ್ಟಾಗ ಸಣ್ಣ ಸಣ್ಣ ಗುಣಿ ಅಂದರೆ 60 ಗುಣಿ ಆಯಿತು. ಎರಡನೆಯ ದಿನಕ್ಕೇ ಯಾರೂ ತೋಡುವುದಿಲ್ಲ, ಇದು ಗ್ಯಾರಂಟಿ. ಅಲ್ಲಿ ಬೇಕಾಗುವುದು ಉದ್ದದ ಕಾಲುವೆಯಂಥ ಗುಂಡಿ. ಶಿಬಿರಗಳಲ್ಲಿ, ನೆರೆ ಬಂದಾಗ ಹಾಕುವ ಕ್ಯಾಂಪ್‌ಗಳಲ್ಲಿ ಇದನ್ನೇ ಮಾಡುತ್ತಾರೆ. ಒಂದು ಅಡಿ ಅಗಲ, ಮೂರು ಅಡಿ ಆಳ. ಉದ್ದ 100 ಜನಕ್ಕೆ ಹತ್ತು ಹನ್ನೆರಡು ಅಡಿ. ಅಂದರೆ ನಮ್ಮ ಒಂದು ಟ್ರೇಲರ್‌ನವರಿಗೆ ಮೂರು ಅಡಿ ಉದ್ದದ ಗುಂಡಿ ಸಾಕು. ಹೆಂಗಸರಿಗೆ ಒಂದು, ಗಂಡಸರಿಗೆ ಒಂದು ಬೇರೆ ಬೇರೆ ಇರಲಿ. ಅಗಲ ಒಂದೇ ಅಡಿ ಇರುವುದರಿಂದ ಎರಡು ಕಡೆ ಕಾಲಿಟ್ಟು ಕೂರಬಹುದು. ಅಂಚು ಕುಸಿಯದಂತೆ ಎರಡೂ ಪಕ್ಕ ಹಲಗೆ ಅಥವಾ ಚಪ್ಪಟೆ ಕಲ್ಲು ಇಡಿ. ವಯಸ್ಸಾದವರು ಹಿಡಿದುಕೊಂಡು ಏಳುವುದಕ್ಕೆ ಮುಂದೆ ಒಂದು ಗೂಟ ಹುಗಿದರೆ ಬಹಳ ಉಪಕಾರ.

ಜಾಗ ಆರಿಸುವುದು ಮುಖ್ಯ. ಹೊಲದ ಯಜಮಾನರನ್ನು ಕೇಳಿಯೇ ತೋಡಬೇಕು. ಬಾವಿ, ಬೋರ್‌ವೆಲ್, ಹಳ್ಳದಿಂದ 100 ಅಡಿಯಾದರೂ ದೂರ, ಅದಕ್ಕಿಂತ ತಗ್ಗಿನ ಕಡೆಗೆ ಇರಬೇಕು. ಎತ್ತರದಲ್ಲಿ ಗುಂಡಿ, ಕೆಳಗೆ ಬಾವಿ ಇದ್ದರೆ 100 ಅಡಿ ಇದ್ದೂ ಪ್ರಯೋಜನ ಇಲ್ಲ. ಮಳೆ ನೀರು ಹರಿದು ಹೋಗುವ ದಾರಿಯಲ್ಲೂ ಬೇಡ. ತೋಡುವಾಗ ಕೆಳಗೆ ನೀರಿನ ಪಸೆ ಕಂಡರೆ ಅಲ್ಲಿಗೆ ನಿಲ್ಲಿಸಿ ಬೇರೆ ಕಡೆ ನೋಡಿ. ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಐದು ಅಡಿ ಒಣ ಮಣ್ಣು ಇರಬೇಕು ಅನ್ನುವುದು ನಿಯಮ.

ತೆಗೆದ ಮಣ್ಣನ್ನು ಪಕ್ಕದಲ್ಲೇ ರಾಶಿ ಹಾಕಿ ಅದರ ಮೇಲೆ ಒಂದು ಸಲಿಕೆ ಇಡಿ. ಹೋದವರು ಒಂದು ಸಲಿಕೆ ಮಣ್ಣೋ ಬೂದಿಯೋ ಹಾಕಿಯೇ ಬರಬೇಕು. ಇಷ್ಟು ಮಾಡಿದರೆ ನೊಣ ಕೂರುವುದಿಲ್ಲ, ವಾಸನೆಯೂ ಇಲ್ಲ. ನಾಲ್ಕು ಗಳ ನಿಲ್ಲಿಸಿ ಹಳೆಯ ಸೀರೆಯನ್ನೋ ತಾಡಪತ್ರಿಯನ್ನೋ ಸುತ್ತಿದರೆ ಮರೆ ಆಯಿತು. ರಾತ್ರಿ ಮಕ್ಕಳು ಕಾಲು ಜಾರದಂತೆ ಮೇಲೆ ಹಲಗೆ ಮುಚ್ಚಿ. ಗುಂಡಿ ಪೂರ್ತಿ ತುಂಬುವ ತನಕ ಕಾಯಬೇಡಿ, ಮೇಲೆ ಒಂದು ಅಡಿ ಉಳಿದಿರುವಾಗಲೇ ಮಣ್ಣು ತುಂಬಿಸಿ, ಗೋಪುರದ ಹಾಗೆ ಏರಿಸಿ, ಮುಳ್ಳು ಹೇರಿ ಬನ್ನಿ. ಎರಡು ವರ್ಷ ಆ ಜಾಗ ತೋಡಬಾರದು, ಗಜ್ಜರಿ, ಮೂಲಂಗಿ ಹಾಕಬಾರದು ಅಂತ ಹೊಲದವರಿಗೆ ಬಾಯಿಬಿಟ್ಟು ಹೇಳಿ.

ಇಬ್ಬರು ಗಂಡಸರು ಮನಸ್ಸು ಮಾಡಿದರೆ ಚಹಾ ಕುದಿದು ಇಳಿಯುವಷ್ಟರಲ್ಲಿ ಅಲ್ಲದಿದ್ದರೂ, ಅಡುಗೆ ಆಗುವಷ್ಟರಲ್ಲಿ ಮುಗಿಯುವ ಕೆಲಸ ಇದು. ಬೀಡು ಬಿಟ್ಟ ತಕ್ಷಣ ಒಲೆ ಹೂಡುವುದು ಹೆಂಗಸರ ಕೆಲಸ ಅನ್ನುವುದಾದರೆ ಗುಂಡಿ ತೋಡುವುದು ಗಂಡಸರ ಕೆಲಸ ಅಂತ ಊರಲ್ಲೇ ಮಾತಾಗಲಿ.

ತೋಡಲು ಆಗದ ಕಡೆ: ಮುಚ್ಚಳದ ಡಬ್ಬಿ

ಯಲ್ಲಮ್ಮನ ಗುಡ್ಡ ಬಹುಪಾಲು ಕಲ್ಲು. ಸಲಿಕೆ ಇಳಿಯುವುದಿಲ್ಲ. ಅಲ್ಲಿ ಬಯಲಿಗೆ ಬಿಟ್ಟದ್ದು ಮಳೆ ಬಂದರೆ ತಗ್ಗಿಗೇ ಇಳಿಯಬೇಕು, ತಗ್ಗಿನಲ್ಲಿ ಜನ ಮೀಯುವ, ಕುಡಿಯುವ ನೀರು ಇದೆ. ಬಸ್ ನಿಲ್ದಾಣದ ಪಕ್ಕ, ಪೇಟೆಯ ರಸ್ತೆ, ಘಾಟಿನ ತಿರುವು ಇಲ್ಲೆಲ್ಲ ತೋಡುವ ಮಾತೇ ಇಲ್ಲ. ಇಂಥ ಕಡೆಗೆ 20 ಲೀಟರಿನ ಖಾಲಿ ಪೇಂಟ್ ಡಬ್ಬಿಯೇ ನಮ್ಮ ಪಾಯಖಾನೆ. ಮುಚ್ಚಳ ಬಿಗಿಯಾಗಿ ಕೂರುವಂಥದ್ದನ್ನು ನೋಡಿ ತೆಗೆದುಕೊಳ್ಳಿ. ಮೇಲೆ ಹಾಕಿದ ಲೆಕ್ಕ ನೆನಪು ಮಾಡಿಕೊಳ್ಳಿ: 20 ಜನರ ನಾಲ್ಕು ದಿನದ ಮಲ 20 ಕಿಲೋ. ಮೇಲೆ ಹಾಕುವ ಬೂದಿ, ಹೊಟ್ಟಿಗೂ ಜಾಗ ಬೇಕಾದ್ದರಿಂದ ಎರಡು ಮೂರು ಡಬ್ಬಿ ಇದ್ದರೆ ಒಂದು ಟ್ರೇಲರ್‌ಗೆ ಆಯಿತು.

ಡಬ್ಬಿಯ ತಳಕ್ಕೆ ನಾಲ್ಕು ಬೆರಳು ದಪ್ಪ ಒಣ ಬೂದಿ, ಕಟ್ಟಿಗೆ ಅಡ್ಡೆಯ ಹೊಟ್ಟು, ಭತ್ತದ ಹೊಟ್ಟು ಅಥವಾ ಪುಡಿ ಮಾಡಿದ ಕಬ್ಬಿನ ರವದಿ ಹಾಕಿ. ಪ್ರತಿ ಸಲ ಬಳಸಿದ ಮೇಲೆ ಎರಡು ಮೂರು ಹಿಡಿ ಮೇಲೆ ಉದುರಿಸಿ ಮುಚ್ಚಳ ಹಾಕಿ. ಇದರ ಗುಟ್ಟೆಲ್ಲ ಒಣಗಿರುವುದರಲ್ಲಿ ಇದೆ. ಮಲ ಮತ್ತು ಮೂತ್ರ ಬೆರೆತು ನೀರಾದಾಗಲೇ ಆ ಕೆಟ್ಟ ವಾಸನೆ, ನೊಣ, ಹುಳು. ಆದ್ದರಿಂದ ಒಂದಕ್ಕೆ ಬೇರೆ ಡಬ್ಬಿ, ತೊಳೆದುಕೊಳ್ಳುವುದೂ ಆ ಡಬ್ಬಿಗೇ. ಆದರೆ ತೊಳೆದ ನೀರು ಬಿದ್ದ ಮೇಲೆ ಅದನ್ನೂ ಮಲದಂತೆಯೇ ನೋಡಬೇಕು, ಗಿಡಕ್ಕೆ ಹಾಕಬಾರದು. ಮಂಡಿ ನೋವಿನ ಅತ್ತೆ, ತುಂಬು ಗರ್ಭಿಣಿ ಇದ್ದರೆ ಹಳೆಯ ಪ್ಲಾಸ್ಟಿಕ್ ಕುರ್ಚಿಯ ನಡುವೆ ಕೊಯ್ದು ಅದರ ಕೆಳಗೆ ಡಬ್ಬಿ ಇಡಿ. ಗಾಡಿ ಓಡುವಾಗ ಡಬ್ಬಿ ಉರುಳದಂತೆ ಹಳೆಯ ಟಾಯರಿನ ನಡುವೆ ಕೂರಿಸಿ, ನೀರಿನ ಡ್ರಮ್ ಮತ್ತು ಅಡುಗೆ ಸಾಮಾನಿನಿಂದ ದೂರದ ಮೂಲೆಯಲ್ಲಿ ಕಟ್ಟಿ. ಮುಕ್ಕಾಲು ತುಂಬಿದರೆ ಸಾಕು, ಎತ್ತುವವರ ಸೊಂಟವನ್ನೂ ನೋಡಬೇಕಲ್ಲ.

ಇನ್ನು ಖಾಲಿ ಮಾಡುವುದು. ಹೊಟ್ಟು ಬೆರೆತದ್ದನ್ನು ಪಾಯಖಾನೆಯ ಬೇಸಿನ್‌ಗೆ ಸುರಿದರೆ ಕಟ್ಟಿಕೊಳ್ಳುತ್ತದೆ. ಆಮೇಲೆ ಅದನ್ನು ಬಿಡಿಸುವವರು ಯಾರು? ಅದನ್ನು ಮೇಲೆ ಹೇಳಿದಂಥ ಗುಂಡಿಯಲ್ಲೇ ಹೂಳಬೇಕು. ದಾರಿಯಲ್ಲಿ ಜಾಗ ಸಿಗದಿದ್ದರೆ ಮುಚ್ಚಳ ಬಿಗಿದು ನಿಮ್ಮ ಹೊಲಕ್ಕೇ ತನ್ನಿ. ಮೂತ್ರ ಮತ್ತು ತೊಳೆದ ನೀರಿನ ಡಬ್ಬಿಯನ್ನು ಕೇಳಿಕೊಂಡು ಯಾವ ಪಾಯಖಾನೆಗೂ ಸುರಿಯಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಬೇಲಿಗೆ ಎಸೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಅದು ಕೊಳೆಯುವುದಿಲ್ಲ, ಹಸು ಬಾಯಿ ಹಾಕುತ್ತದೆ, ಕಸ ಆರಿಸುವ ಹೆಣ್ಣುಮಗಳು ಕೈ ಹಾಕುತ್ತಾಳೆ.

ವಾಸನೆ ಹೋಗಲಿ ಅಂತ ಮೂತ್ರ ಇರುವ ಡಬ್ಬಿಗೆ ಬ್ಲೀಚಿಂಗ್ ಪೌಡರ್ ಹಾಕಬೇಡಿ. ಎರಡೂ ಸೇರಿದರೆ ಕಣ್ಣು, ಎದೆ ಉರಿಸುವ ಗಾಳಿ ಏಳುತ್ತದೆ. ಮುಚ್ಚಿದ ಬಸ್ಸಿನಲ್ಲಿ ಅದು ಅಪಾಯ. ಡಬ್ಬಿ ಖಾಲಿ ಮಾಡಿ, ನೀರಿನಿಂದ ತೊಳೆದು ಆ ನೀರನ್ನೂ ಗುಂಡಿಗೆ ಚೆಲ್ಲಿದ ಮೇಲೆ, ಬಯಲಲ್ಲಿ ನಿಂತು ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚಿಂಗ್ ಪೌಡರ್ ಕಲಸಿ ಒಳಗೆಲ್ಲ ಬಳಿಯಿರಿ. ಅರ್ಧ ಗಂಟೆ ಬಿಟ್ಟು ತೊಳೆದು ಬಿಸಿಲಿಗೆ ಕವಚಿ ಹಾಕಿ.

ದುಡ್ಡಿದ್ದವರ ಕ್ಯಾರವಾನ್ ಗಾಡಿಗಳಲ್ಲೂ ಇರುವುದು ಇದೇ ಡಬ್ಬಿ, ಸ್ವಲ್ಪ ಚಂದದ್ದು ಅಷ್ಟೇ. ಕುಳಿತುಕೊಳ್ಳುವ ಸೀಟಿನ ಕೆಳಗೆ ಎಳೆದು ತೆಗೆಯುವ ಪೆಟ್ಟಿಗೆ, ಅದರಲ್ಲಿ ವಾಸನೆ ತಡೆಯುವ ರಾಸಾಯನಿಕ. ಅದನ್ನೂ ಯಾರೋ ಎಲ್ಲೋ ಖಾಲಿ ಮಾಡಲೇಬೇಕು. ರೈಲಿನಲ್ಲಂತೂ ತೀರ ಇತ್ತೀಚಿನ ತನಕ ನೇರ ಹಳಿಯ ಮೇಲೇ ಬೀಳುತ್ತಿತ್ತು. ಈಗ ಡಬ್ಬಿಗಳ ಕೆಳಗೆ ಟ್ಯಾಂಕ್ ಇಟ್ಟು, ಅದರಲ್ಲಿ ಮಲ ತಿನ್ನುವ ಸೂಕ್ಷ್ಮಜೀವಿಗಳನ್ನು ಬಿಟ್ಟಿದ್ದಾರೆ. ಅದಕ್ಕೆ ಪ್ಯಾಡು, ಬಾಟಲಿ, ಗುಟ್ಕಾ ಚೀಟಿ ಹಾಕಿದರೆ ಟ್ಯಾಂಕ್ ಕಟ್ಟಿಕೊಳ್ಳುತ್ತದೆ, ಮುಂದಿನವರು ಮೂಗು ಮುಚ್ಚಿಕೊಂಡು ಹೋಗಬೇಕಾಗುತ್ತದೆ.

ಡಬ್ಬಿ ಯಾರು ಹೊರಬೇಕು?

ಇದು ನಾನು ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದ ಮಾತು. ನಮ್ಮ ನಾಡಿನಲ್ಲಿ ಒಂದು ಜಾತಿಯವರ ತಲೆಯ ಮೇಲೆ ಊರವರೆಲ್ಲರ ಮಲ ಹೊರಿಸಿದ ಚರಿತ್ರೆ ಇದೆ. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಕರ್ನಾಟಕದಲ್ಲಿ ಅದನ್ನು ನಿಷೇಧಿಸಿದರು. ಆದರೂ 2010ರ ಜುಲೈನಲ್ಲಿ, ನಮ್ಮ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಆ ಕೆಲಸ ಮಾಡುತ್ತಿದ್ದ ಭಂಗಿ ಸಮುದಾಯದವರು ತಮ್ಮನ್ನು ಮನೆ ಬಿಡಿಸಲು ಹೊರಟದ್ದನ್ನು ವಿರೋಧಿಸಿ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. 2013ರಲ್ಲಿ ಕೇಂದ್ರ ಸರ್ಕಾರ ಹೊಸ ಕಾನೂನು ತಂದಿತು. ದುಡ್ಡು ಕೊಟ್ಟಾಗಲಿ, ಕೊಡದೆ ಆಗಲಿ ಇನ್ನೊಬ್ಬರ ಕೈಯಿಂದ ಮಲ ಎತ್ತಿಸುವುದು ಅಪರಾಧ.

ಹಾಗಾದರೆ ನಮ್ಮ ಡಬ್ಬಿ ನಾವೇ ಎತ್ತುವುದು? ಅದರಲ್ಲಿ ಅವಮಾನ ಏನೂ ಇಲ್ಲ. ನಮ್ಮ ಮಗುವಿನದನ್ನು, ಹಾಸಿಗೆ ಹಿಡಿದ ಅಪ್ಪನದನ್ನು ತೆಗೆಯುತ್ತೇವಲ್ಲ. ಅವಮಾನ ಇರುವುದು ನಮ್ಮದನ್ನು ಇನ್ನೊಬ್ಬರ ಪಾಲಿಗೆ ಬಿಟ್ಟು ಬರುವುದರಲ್ಲಿ. ಜಾತ್ರೆ ಮುಗಿದ ಮರುದಿನ ಪೊರಕೆ, ಬುಟ್ಟಿ ಹಿಡಿದು ಬಯಲಿಗೆ ಬರುವ ಪೌರಕಾರ್ಮಿಕ ಅಕ್ಕನೂ ಯಾವುದೋ ಸಂಘದ ಸದಸ್ಯೆಯೇ. ಹಾಗೆಂದು ಟ್ರೇಲರ್‌ನಲ್ಲಿರುವ ಕಿರಿಯ ಸೊಸೆಯ ತಲೆಗೆ ಡಬ್ಬಿಯನ್ನು ಕಟ್ಟುವುದೂ ಸರಿಯಲ್ಲ. ಪಾಳಿ ಹಾಕಿ. ದಿನಕ್ಕೆ ಇಬ್ಬರು, ಒಬ್ಬ ಗಂಡಸು, ಒಬ್ಬ ಹೆಂಗಸು. ಗೌಡರ ಮನೆಯವರಿರಲಿ, ಟ್ರ್ಯಾಕ್ಟರ್ ಮಾಲೀಕರಿರಲಿ, ಪಾಳಿ ತಪ್ಪಬಾರದು. ಕೈಗೆ ಪ್ಲಾಸ್ಟಿಕ್ ಗ್ಲೌಸ್ ಅಥವಾ ದಪ್ಪ ಚೀಲ, ಕಾಲಿಗೆ ಚಪ್ಪಲಿ, ಆಮೇಲೆ ಸೋಪು.

ನೀರು ಕುಡಿಯದೆ ಕೂರುವ ನಮ್ಮ ಹೆಂಗಸರು

ಗಂಡಸರು ಗಾಲಿಯ ಪಕ್ಕ ತಿರುಗಿ ನಿಂತರೆ ಅವರ ಕೆಲಸ ಮುಗಿಯಿತು. ನಾವು ಕತ್ತಲಾಗುವ ತನಕ ಕಾಯಬೇಕು. ಕತ್ತಲಾದರೆ ಹಾವು, ಚೇಳು, ಕುಡುಕರು, ಹೆದ್ದಾರಿಯಲ್ಲಿ ಲಾರಿಗಳ ಭಯ. ಅದಕ್ಕೇ ನೀರು ಕಡಿಮೆ ಮಾಡುವುದು. ಮೂತ್ರ ಕಟ್ಟಿಕೊಂಡು ಕೂತರೆ ಅದರಲ್ಲಿ ರೋಗಾಣು ಬೆಳೆಯುತ್ತವೆ. ಉರಿಮೂತ್ರ, ಕೆಳಹೊಟ್ಟೆ ನೋವು, ಚಳಿಜ್ವರ. ಹಾಗೇ ಬಿಟ್ಟರೆ ಮೂತ್ರಪಿಂಡದ ತನಕ ಹೋಗುತ್ತದೆ. ಬಸುರಿಯರಿಗೆ ದಿನ ತುಂಬುವ ಮೊದಲೇ ಹೆರಿಗೆ ಆಗುವ ಅಪಾಯವೂ ಇದೆ. ನೀರು ಕಡಿಮೆಯಾದರೆ ಮಲಬದ್ಧತೆ, ಮೂಲವ್ಯಾಧಿ, ಕಲ್ಲು ಕೂಡ.

ಆದ್ದರಿಂದ ನೀರು ಬಿಡಬೇಡಿ. ಮೂತ್ರಕ್ಕೆ ಗುಂಡಿಯ ಅಗತ್ಯವೂ ಇಲ್ಲ ಅಂತ ಮೇಲೆ ಹೇಳಿದೆ. ಹಗಲಲ್ಲೇ ಇಬ್ಬರು ಹೆಂಗಸರು ಒಂದು ಸೀರೆ ಅಡ್ಡ ಹಿಡಿದರೆ ಮೂರನೆಯವಳಿಗೆ ಮರೆ ಆಯಿತು. ಬಸ್ಸು ಗೊತ್ತು ಮಾಡುವಾಗಲೇ ಡ್ರೈವರ್ ಅಣ್ಣನಿಗೆ ಹೇಳಿಬಿಡಿ: ಮೂರು ಗಂಟೆಗೊಮ್ಮೆ ಪಾಯಖಾನೆ ಇರುವ ಕಡೆ ನಿಲ್ಲಿಸಬೇಕು ಅಂತ. ದಾರಿಯಲ್ಲಿ ಕೇಳಿದರೆ ಬೈಸಿಕೊಳ್ಳಬೇಕು, ಮುಂಗಡ ಕೊಡುವಾಗ ಹೇಳಿದರೆ ಅದು ಮಾತು. ರಾತ್ರಿ ಟ್ರೇಲರ್‌ನಲ್ಲಿ ಒಂದು ಮುಚ್ಚಳದ ಡಬ್ಬಿ ಮೂಲೆಗೆ ಇರಲಿ, ಇಳಿದು ಹೋಗುವ ಪ್ರಸಂಗವೇ ಬೇಡ. ಇಳಿಯಲೇಬೇಕಾದರೆ ಬ್ಯಾಟರಿ ಹಿಡಿದು ಇಬ್ಬರು ಹೋಗಿ.

ಮುಟ್ಟಿನ ಬಟ್ಟೆಯನ್ನು ಸೋಪು ಹಾಕಿ ತೊಳೆದು ಬಿಸಿಲಿಗೇ ಒಣಗಿಸಬೇಕು. ನಾಚಿಕೆಯೆಂದು ಗಾಡಿಯ ಕೆಳಗೆ, ಇನ್ನೊಂದು ಬಟ್ಟೆಯ ಅಡಿ ಒಣಗಿಸಿದರೆ ಅದು ಒಣಗುವುದೇ ಇಲ್ಲ. ಪ್ಯಾಡು ಬಳಸುವವರು ಅದನ್ನು ಪೇಪರಿನಲ್ಲಿ ಸುತ್ತಿ ಬೇರೆ ಚೀಲದಲ್ಲಿ ಕೂಡಿಟ್ಟು ತನ್ನಿ. ಮಲದ ಗುಂಡಿಗೂ ಬೇಡ, ಬೇಸಿನ್‌ಗೂ ಬೇಡ. ಮಗುವಿನ ಡೈಪರ್ ಕೂಡ ಹಾಗೆಯೇ, ಒಳಗಿನದನ್ನು ಗುಂಡಿಗೆ ಕೊಡವಿ ಡೈಪರನ್ನು ಚೀಲಕ್ಕೆ ಹಾಕಿ.

ಕಬ್ಬಿನ ಹೊಲದಲ್ಲಿ ಆರು ತಿಂಗಳು

ಜಾತ್ರೆ ನಾಲ್ಕು ದಿನ. ಕಬ್ಬು ಕಡಿಯುವವರದ್ದು ಹಾಗಲ್ಲ. ಬೀಡ್ ಕಡೆಯಿಂದ ನಮ್ಮ ಬೆಳಗಾವಿ, ಬಾಗಲಕೋಟೆಗೆ ಬರುವವರೂ, ನಮ್ಮ ಕಡೆಯಿಂದ ಬೇರೆ ಕಡೆ ಹೋಗುವವರೂ ನಸುಕಿನಲ್ಲಿ ಎದ್ದು ರಾತ್ರಿ ಗಾಡಿ ತುಂಬುವ ತನಕ ಹೊಲದಲ್ಲೇ. ಸ್ನಾನಕ್ಕೆ ಮರೆ ಇಲ್ಲ, ಪಾಯಖಾನೆ ಇಲ್ಲ. ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳಲ್ಲಿ ಬಹಳ ಜನ ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡಿದ್ದಾರೆ ಅನ್ನುವುದು 2019ರಲ್ಲಿ ದೊಡ್ಡ ಸುದ್ದಿಯಾಗಿ ಮಹಾರಾಷ್ಟ್ರ ಸರ್ಕಾರ ಅದಕ್ಕಾಗಿ ಸಮಿತಿಯನ್ನೇ ನೇಮಿಸಿತು. ಮುಟ್ಟಿನ ದಿನ ರಜೆ ಹಾಕಿದರೆ ಕೂಲಿ ಹೋಗುತ್ತದೆ, ತೊಳೆದುಕೊಳ್ಳಲು ನೀರು, ಜಾಗ ಇಲ್ಲದೆ ಸೋಂಕು ತಿರುಗಿ ತಿರುಗಿ ಬರುತ್ತದೆ. ಕೊನೆಗೆ ಯಾರೋ ಡಾಕ್ಟರು ಚೀಲವನ್ನೇ ತೆಗೆಸಿಬಿಡು ಅನ್ನುತ್ತಾರೆ. ಒಂದು ಗುಂಡಿ, ಒಂದು ಸೀರೆಯ ಮರೆ, ಎರಡು ಕೊಡ ನೀರು ಇದ್ದಿದ್ದರೆ ಇವರಲ್ಲಿ ಕೆಲವರಾದರೂ ಆ ತನಕ ಹೋಗುತ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ.

ಟೋಳಿಯಲ್ಲಿ ಹೋಗುವವರು ಮುಕಾದಮನಿಂದ ಮುಂಗಡ ಹಿಡಿಯುವಾಗಲೇ ಕೇಳಬೇಕು: ಬೀಡಿನ ಹತ್ತಿರ ನೀರು ಎಲ್ಲಿದೆ, ಪಾಯಖಾನೆಗೆ ಏನು ವ್ಯವಸ್ಥೆ, ಸಲಿಕೆ, ತಾಡಪತ್ರಿ ಯಾರು ಕೊಡುತ್ತಾರೆ? ಹೊರ ರಾಜ್ಯಕ್ಕೆ ಕರೆದೊಯ್ದ ಕೂಲಿಯವರ ವಸತಿಯ ಹೊಣೆಯನ್ನು 1979ರ ವಲಸೆ ಕಾರ್ಮಿಕರ ಕಾನೂನೇ ಗುತ್ತಿಗೆದಾರನ ಮೇಲೆ ಹಾಕಿತ್ತು. ಇದು ಇವತ್ತಿನ ಬೇಡಿಕೆಯಲ್ಲ. ಒಬ್ಬರು ಕೇಳಿದರೆ ಗದರಿಸುತ್ತಾರೆ, ಹತ್ತು ಹೆಂಗಸರು ಒಟ್ಟಿಗೆ ಕೇಳಿದರೆ ಲೆಕ್ಕಕ್ಕೆ ಬರುತ್ತದೆ.

ಟೋಳಿ ನಿಮ್ಮ ಊರಿಗೆ ಬಂದು ಇಳಿದರೆ "ಅವರು ಹೊಲಸು ಮಾಡ್ತಾರ" ಅಂತ ಬೈಯುವ ಮೊದಲು ಸಂಘದ ನಾಲ್ಕು ಜನ ಹೋಗಿ ಆ ಹೆಂಗಸರ ಜೊತೆ ಕೂತು ಮಾತಾಡಿ. ಭಾಷೆ ಮರಾಠಿಯಾದರೆ ಏನಾಯಿತು, ಈ ಕಷ್ಟಕ್ಕೆ ಭಾಷೆ ಬೇಡ. ಯಾವ ಕಡೆ ಬಾವಿ ಇದೆ, ಯಾವ ಕಡೆ ಗುಂಡಿ ತೋಡಬಹುದು ಅಂತ ತೋರಿಸಿ. ಆರು ತಿಂಗಳಿಗೆ ಒಂದು ಗುಂಡಿ ಸಾಲದು. ತುಂಬಿದ ಹಾಗೆ ಮುಚ್ಚಿ ಪಕ್ಕದಲ್ಲಿ ಹೊಸದು ತೋಡುತ್ತಾ ಹೋಗಬೇಕು. ರವದಿ, ಬೂದಿಗೆ ಅಲ್ಲಿ ಕೊರತೆಯೇ ಇಲ್ಲ. ಗುಂಡಿ ಸರಿ ಇದ್ದರೆ ಉಳಿಯುವುದು ನಿಮ್ಮದೇ ಬಾವಿ.

ಸಂಘದಿಂದ ಒಂದು ಸೆಟ್ಟು

ಬಹಳಷ್ಟು ಸಂಘಗಳು ಮದುವೆಗೆ ಪಾತ್ರೆ, ಜಮಖಾನೆ ಕೊಂಡು ಬಾಡಿಗೆಗೆ ಕೊಡುತ್ತಿವೆ. ಅದೇ ರೀತಿ ಒಂದು ಗಾಡಿಯ ಸೆಟ್ಟು ಮಾಡಿಟ್ಟುಕೊಳ್ಳಬಹುದು: ಮುಚ್ಚಳದ ಡಬ್ಬಿ ಮೂರು, ಮೂತ್ರಕ್ಕೆ ಒಂದು, ಸಲಿಕೆ, ಸಣ್ಣ ಹಾರೆ, ತಾಡಪತ್ರಿ, ನಾಲ್ಕು ಗಳ, ಎರಡು ಹಲಗೆ, ಕೊಯ್ದ ಕುರ್ಚಿ, ಗ್ಲೌಸ್, ಸೋಪು, ಒಂದು ಪೊಟ್ಟಣ ಬ್ಲೀಚಿಂಗ್ ಪೌಡರ್. ಡಬ್ಬಿಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ, ಇಲ್ಲವಾದರೆ ಯಾರಾದರೂ ಅದರಲ್ಲಿ ನೀರು ತುಂಬಿಸಿಬಿಟ್ಟಾರು! ಬಾಡಿಗೆ ಎಷ್ಟು ಅನ್ನುವುದನ್ನು ನೀವೇ ಮೀಟಿಂಗ್‌ನಲ್ಲಿ ನಿರ್ಧರಿಸಿ. ತೊಳೆಯದೆ ತಂದುಕೊಟ್ಟವರಿಗೆ ದಂಡ ಇರಲಿ.

ಊರಿಗೆ ಬಂದ ಮೇಲೂ ಸ್ವಲ್ಪ ದಿನ ಗಮನ ಇರಲಿ. ಕಾಲರಾ ಕೆಲವೇ ಗಂಟೆಗಳಿಂದ ಐದು ದಿನದೊಳಗೆ ಕಾಣಿಸಿಕೊಳ್ಳುತ್ತದೆ, ಟೈಫಾಯ್ಡ್ ಒಂದರಿಂದ ಮೂರು ವಾರ, ಕಾಮಾಲೆ ಎರಡು ತಿಂಗಳ ತನಕ ಬರಬಹುದು. ಅಕ್ಕಿ ತೊಳೆದ ನೀರಿನಂಥ ಭೇದಿ ಶುರುವಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಓ.ಆರ್.ಎಸ್. ಪೊಟ್ಟಣ ಕಲಸಿ ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ. ಆಶಾ ಕಾರ್ಯಕರ್ತ��ಗೆ ಎಲ್ಲಿಗೆ ಹೋಗಿದ್ದಿರಿ, ಯಾವ ನೀರು ಕುಡಿದಿರಿ, ಟ್ರೇಲರ್‌ನಲ್ಲಿ ಇನ್ನು ಯಾರು ಯಾರು ಇದ್ದರು ಅಂತ ತಿಳಿಸಿ. ಉಳಿದವರ ಮನೆಗೂ ಅವಳು ಅದೇ ದಿನ ಹೋಗಬೇಕಾಗುತ್ತದೆ.